ಮೇಲಧಿಕಾರಿಗೆ ಅದನ್ನು ಹೇಳಿದಿರಾ?

ಕೇಳುಗರಿಗೆ ನಮಸ್ಕಾರ. ಕೆಲಸಕ್ಕೆ ಹೊರಟವರು, ಶಿಫ್ಟ್ ಮುಗಿಸಿ ಬಂದವರು ಇದನ್ನು ಕೇಳುತ್ತಿರಬಹುದು. ನಿಮ್ಮಲ್ಲಿ ಕೆಲವರಿಗೆ ಒಳ್ಳೆಯ ಮೇಲಧಿಕಾರಿ ಸಿಕ್ಕಿದ್ದಾರೆ. ಕಷ್ಟ ಬಂದಾಗ ಕೈ ಹಿಡಿದಿದ್ದಾರೆ. ಅವರಿಗೆ ಅದನ್ನು ಹೇಳಿದಿರಾ? ಮನಸ್ಸಿನಲ್ಲೇ ನೆನೆಸಿಕೊಂಡದ್ದು ಲೆಕ್ಕಕ್ಕಿಲ್ಲ. ಬಾಯಿ ಬಿಟ್ಟು ಹೇಳಿದಿರಾ?

ಉದ್ಯೋಗಿಗಳ ಅಹವಾಲು ಕೇಳುವುದೇ ನನ್ನ ಕೆಲಸ. ದೂರುಗಳು ಬೇಕಾದಷ್ಟು ಬರುತ್ತವೆ. "ನಮ್ಮ ಸಾಹೇಬರು ತುಂಬಾ ಒಳ್ಳೆಯವರು" ಅನ್ನುವವರೂ ಬರುತ್ತಾರೆ. ಅವರಿಗೇ ಹೇಳಿ ಅಂದರೆ, "ಅಯ್ಯೋ, ಬೆಣ್ಣೆ ಹಚ್ತಾನೆ ಅಂದ್ಕೊಳ್ತಾರೆ ಮೇಡಂ" ಅಂತಾರೆ. ಈ ಹೆದರಿಕೆ ದಯವಿಟ್ಟು ಬಿಡಿ. "ನಿಮ್ಮಂಥವರು ಯಾರೂ ಇಲ್ಲ ಸಾರ್" ಅಂದರೆ ಬೆಣ್ಣೆ, ಒಪ್ಪುತ್ತೇನೆ. "ಅವತ್ತು ನೀವು ಹೀಗೆ ಮಾಡಿದಿರಿ, ಅದರಿಂದ ನನಗೆ ಹೀಗಾಯಿತು" ಅಂದರೆ ಬೆಣ್ಣೆ ಎಲ್ಲಿಂದ ಬಂತು? ನಡೆದದ್ದನ್ನು ತಾನೇ ಹೇಳಿದ್ದು!

ಒಬ್ಬ ಹೆಣ್ಣುಮಗಳ ವಿಷಯ ಹೇಳುತ್ತೇನೆ. ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. ವರ್ಷದ ಕೊನೆ, ಎಲ್ಲರಿಗೂ ತಲೆ ಎತ್ತಲಾಗದಷ್ಟು ಕೆಲಸ. ಆಕೆಯ ತಾಯಿ ಐಸಿಯುನಲ್ಲಿದ್ದರು. ಇದು ರಜೆ ಕೇಳುವ ಹೊತ್ತಲ್ಲ ಅಂತ ಆಕೆ ಯಾರಿಗೂ ಹೇಳದೆ ಸುಮ್ನೆ ಇದ್ದರು. ಮೇಲಧಿಕಾರಿಯ ಕಣ್ಣಿಗೆ ಎರಡು ಸಂಗತಿ ಬಿತ್ತು. ಯಾವಾಗಲೂ ಬ್ಯಾಗಿನೊಳಗೆ ಇರುತ್ತಿದ್ದ ಫೋನು ಮೇಜಿನ ಮೇಲೆ ಬಂದಿದೆ. ಒಂದೇ ಪುಟದ ಮೊತ್ತವನ್ನು ಆಕೆ ಮತ್ತೆ ಮತ್ತೆ ಕೂಡುತ್ತಿದ್ದಾರೆ. ಚೇಂಬರಿಗೆ ಕರೆಸದೆ, ತಾವೇ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತು, ಮೆಲ್ಲಗೆ "ಮನೇಲಿ ಯಾರಿಗೆ ಹುಷಾರಿಲ್ಲಮ್ಮ?" ಅಂದರು. ಉತ್ತರ ಕೇಳಿದ ಮೇಲೆ ಉಪದೇಶ ಮಾಡಲಿಲ್ಲ. ಮೇಜಿನ ಮೇಲಿದ್ದ ಫೈಲುಗಳನ್ನು ಎತ್ತಿಕೊಂಡರು. "ಇವು ನನ್ನ ಹತ್ತಿರ ಇರಲಿ, ನೀವು ಹೊರಡಿ. ಯಾರಾದ್ರೂ ಕೇಳಿದ್ರೆ ನಾನೇ ಕಳಿಸಿದ್ದೀನಿ ಅಂತೀನಿ."

ತಾಯಿ ಚೇತರಿಸಿಕೊಂಡರು. ಎಷ್ಟೋ ದಿನದ ಮೇಲೆ, ನನ್ನ ಒತ್ತಾಯಕ್ಕೆ ಆಕೆ ಹೋಗಿ ಹೇಳಿದರು: "ಸರ್, ನೀವು ಫೈಲ್ ತಗೊಂಡದ್ದು ದೊಡ್ಡ ಉಪಕಾರ. ಅದಕ್ಕಿಂತ ಜಾಸ್ತಿ ಅಂದ್ರೆ, ಕಾರಣ ಯಾರಿಗೂ ಹೇಳ್ಲಿಲ್ಲವಲ್ಲ, ಅದು." ಅವರಿಗೆ ಆಶ್ಚರ್ಯವೋ ಆಶ್ಚರ್ಯ! ಫೈಲುಗಳು ಅವರಿಗೆ ನೆನಪಿದ್ದವು. ವಿಷಯ ಬಾಯಿ ಬಿಡದೆ ಇದ್ದದ್ದು ಅಷ್ಟು ದೊಡ್ಡದು ಅಂತ ಗೊತ್ತೇ ಇರಲಿಲ್ಲ. ಅಲ್ಲಿಂದಾಚೆಗೆ ಯಾರದೇ ರಜೆಯ ಕಾರಣವನ್ನೂ ಅವರು ಮೀಟಿಂಗಿನಲ್ಲಿ ಎತ್ತಿಲ್ಲ. ಒಬ್ಬರು ಹೇಳಿದ್ದರಿಂದ ಇಡೀ ವಿಭಾಗಕ್ಕೆ ಅನುಕೂಲವಾಯಿತು. ಹೇಳದಿದ್ದರೆ ಅವರಿಗೆ ಹೇಗೆ ಗೊತ್ತಾಗಬೇಕು, ಅಲ್ವಾ?

ಈ ಹಿಂಜರಿಕೆ ಎಲ್ಲರಿಗೂ ಇರುವಂಥದ್ದೇ. ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ ಎಂಬ ಸಂಶೋಧಕರು ಜನರಿಂದ ಕೃತಜ್ಞತೆಯ ಪತ್ರ ಬರೆಸಿ ನೋಡಿದರು. 2018ರಲ್ಲಿ ಅದು ಪ್ರಕಟವಾಯಿತು. ಓದುವವರಿಗೆ ಮುಜುಗರ ಆದೀತು ಅಂತ ಬರೆದವರು ಅಂದುಕೊಂಡಿದ್ದರು. ಅಷ್ಟೇನೂ ಆಗಲಿಲ್ಲ. ಖುಷಿ ಮಾತ್ರ ಅಂದುಕೊಂಡದ್ದಕ್ಕಿಂತ ಜಾಸ್ತಿಯೇ ಆಗಿತ್ತು. ಬರೆದವರು ಪದಗಳಿಗೆ ತಡಕಾಡುತ್ತಿದ್ದರೆ, ಓದಿದವರು ನೋಡಿದ್ದು ಅದರೊಳಗಿನ ಪ್ರೀತಿಯನ್ನು.

ಇನ್ನೊಂದು ಮಾತು, ಬೇಗ ಹೇಳಿಬಿಡುತ್ತೇನೆ. ಮೇಲಿನವರು ಮೆತ್ತಗಾದರೆ ಕೆಲಸ ಕೆಡುತ್ತದೆ ಅನ್ನುವವರು ಕೇಳಿಸಿಕೊಳ್ಳಿ. 1990ರ ದಶಕದಲ್ಲಿ ಏಮಿ ಎಡ್ಮಂಡ್ಸನ್ ಎಂಬ ಸಂಶೋಧಕಿ ಆಸ್ಪತ್ರೆಯ ತಂಡಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ಮೇಲ್ವಿಚಾರಕರಿದ್ದ ಕಡೆಯೇ ಔಷಧಿಯ ತಪ್ಪುಗಳು ಜಾಸ್ತಿ ದಾಖಲಾಗಿದ್ದವು. ಯಾಕೆ? ಅಲ್ಲಿ ನರ್ಸುಗಳು ಹೆದರದೆ ತಪ್ಪನ್ನು ಹೇಳುತ್ತಿದ್ದರು. ಮುಚ್ಚಿಟ್ಟ ತಪ್ಪನ್ನು ಯಾರು ತಿದ್ದುತ್ತಾರೆ? ನಿಮ್ಮ ತಪ್ಪನ್ನು ಕೂಗಾಡದೆ ಕೇಳಿಸಿಕೊಂಡವರು ಇದ್ದರೆ, ಅವರಿಗೂ ಹೇಳಿ.

ಮೂರು ವಾಕ್ಯ ಸಾಕು. ಏನಾಗಿತ್ತು, ನೀವೇನು ಮಾಡಿದಿರಿ, ನನಗೇನಾಯಿತು. ಎದುರಿಗೆ ಹೇಳಲು ನಾಲಗೆ ಬಾರದಿದ್ದರೆ ಬರೆದು ಕೊಡಿ. ನಿವೃತ್ತರಾಗಿದ್ದರೆ ಫೋನ್ ಮಾಡಿ. ಆಮೇಲೆ ಅವರ ಮೇಲಿನವರ ಕಿವಿಗೂ ಒಂದು ಮಾತು ಹಾಕಿ, ಯಾಕೆಂದರೆ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತದ್ದು ಯಾವ ವಾರ್ಷಿಕ ವರದಿಯಲ್ಲೂ ಬರುವುದಿಲ್ಲ. ನಾಳೆಗೆ ಇಡಬೇಡಿ, ಇವತ್ತೇ ಹೇಳಿ. ನಮಸ್ಕಾರ.