ತಂತಿ ಕಡಿದ ಮೇಲೆ

ಈ ಕರಕರ ಸದ್ದು ಕೇಳ್ತಿದೆ ಅಲ್ವಾ? ನಿಮ್ಮ ಇಯರ್‌ಫೋನ್ ಕೆಟ್ಟಿಲ್ಲ. ಇದು ನನ್ನ ಹಳೇ ಶಾರ್ಟ್‌ವೇವ್ ರೇಡಿಯೋ, ದೂರದೂರದ ದೇಶದ ಸ್ಟೇಷನ್ ಹಿಡಿಯೋದು. ತಿರುಪು ಒಂದು ಎಳ್ಳಷ್ಟು ಸರಿದರೂ ಸ್ಟೇಷನ್ ಮಾಯ. ಎರಡು ಮಹಾಯುದ್ಧಗಳಲ್ಲಿ ಸುದ್ದಿ ಹೇಗೆ ದಾಟ್ತಿತ್ತು ಅನ್ನೋದೇ ಇವತ್ತಿನ ಕಥೆ.

1914ರ ಆಗಸ್ಟ್ 5. ಬ್ರಿಟನ್ ಜರ್ಮನಿ ಮೇಲೆ ಯುದ್ಧ ಸಾರಿ ಒಂದು ದಿನವೂ ಆಗಿಲ್ಲ. ಬ್ರಿಟನ್ನಿನ ಕೇಬಲ್ ಹಡಗೊಂದು ಇಂಗ್ಲಿಷ್ ಕಡಲ್ಗಾಲುವೆಗೆ ಹೋಗಿ, ತಳದಲ್ಲಿದ್ದ ಜರ್ಮನಿಯ ಟೆಲಿಗ್ರಾಫ್ ಕೇಬಲ್‌ಗಳನ್ನ ಮೇಲಕ್ಕೆಳೆದು ಕಡಿದುಬಿಡ್ತು. ಅಮೆರಿಕಕ್ಕೆ ಸುದ್ದಿ ಮುಟ್ಟಿಸೋಕೆ ಜರ್ಮನಿ ಆಮೇಲೆ ನೆಚ್ಚಿಕೊಂಡಿದ್ದು ಬರ್ಲಿನ್ ಹತ್ತಿರದ ನೌಯೆನ್ ನಿಸ್ತಂತು ಕೇಂದ್ರವನ್ನ. ಅಲ್ಲಿಂದ ಅಟ್ಲಾಂಟಿಕ್ ಹಾರಿ, ನ್ಯೂಯಾರ್ಕ್ ಬಳಿಯ ಸೇವಿಲ್‌ನಲ್ಲಿದ್ದ ನಿಸ್ತಂತು ಕೇಂದ್ರಕ್ಕೆ. 1915ರಲ್ಲಿ ಅಮೆರಿಕದ ನೌಕಾಪಡೆ ಸೇವಿಲ್ ಕೇಂದ್ರವನ್ನೇ ಕೈಗೆ ತಗೊಂಡ್ತು. ಆಗಿನ್ನೂ ಅಮೆರಿಕ ಯುದ್ಧಕ್ಕೆ ಇಳಿದೇ ಇರಲಿಲ್ಲ, ನೋಡಿ!

ಮೊದಲ ಯುದ್ಧದಲ್ಲಿ ಇದೆಲ್ಲ ಹೆಚ್ಚಾಗಿ ಸರ್ಕಾರ, ಸೈನ್ಯ, ಪತ್ರಿಕೆಗಳ ವ್ಯವಹಾರ. ಮನೆಮಂದಿಯ ಮಾತು ಗಾಳಿಗೆ ಏರಿದ್ದು ಎರಡನೇದರಲ್ಲಿ. ವ್ಯಾಟಿಕನ್ ರೇಡಿಯೋ ಒಂದೇ 1940ರಿಂದ 1946ರವರೆಗೆ 12 ಲಕ್ಷಕ್ಕೂ ಹೆಚ್ಚು ಸಂದೇಶ ಬಿತ್ತರಿಸ್ತು. ಕಾಣೆಯಾದವರು, ಸೆರೆಯಾದವರು, ಅವರನ್ನ ಹುಡುಕ್ತಿರೋರು. ಬ್ರಿಟಿಷ್ ಸೈನಿಕರಿಗೆ ಮನೆಗೆ ಟೆಲಿಗ್ರಾಂ ಕಳಿಸೋಕೆ ಇನ್ನೊಂದು ಸೌಲಭ್ಯ ಇತ್ತು: ಅಚ್ಚು ಹಾಕಿದ ವಾಕ್ಯಗಳ ಪಟ್ಟಿಯಲ್ಲಿ ಯಾವುದಾದರೂ ಮೂರು ಆರಿಸಿಕೊಂಡು ಅರ್ಧ ಕ್ರೌನ್, ಅಂದ್ರೆ 2 ಶಿಲಿಂಗ್ 6 ಪೆನ್ಸ್ ಕೊಡೋದು. ಟೆಲಿಗ್ರಾಂನಲ್ಲಿ ಹೋಗ್ತಿದ್ದಿದ್ದು ಬರೀ ವಾಕ್ಯದ ನಂಬರ್. ಪ್ರೀತಿಗೂ ಒಂದು ನಂಬರ್! ಮೊದಲು ಓದಿದಾಗ ನಕ್ಕೆ. ಆಮೇಲೆ, ಆ ಪಟ್ಟಿ ಹಿಡ್ಕೊಂಡು ಯಾವ ಮೂರು ಅಂತ ತಡಕಾಡ್ತಾ ನಿಂತ ಹುಡುಗನ್ನ ನೆನೆಸ್ಕೊಂಡೆ.

ನನ್ನನ್ನ ಬಿಡದೆ ಕಾಡಿದ್ದು ಮಾತ್ರ ಪೋಸ್ಟ್‌ಕಾರ್ಡಿನ ಕಥೆ. ಬರ್ಲಿನ್ ರೇಡಿಯೋ ತನ್ನ ಪ್ರಚಾರದ ನಡುನಡುವೆ ಅಮೆರಿಕನ್ ಯುದ್ಧಕೈದಿಗಳ ಹೆಸರು, ಮನೆ ವಿಳಾಸ ಓದ್ತಿತ್ತು. ಗಾಳಕ್ಕೆ ಸಿಕ್ಕಿಸಿದ ಎರೆಹುಳು ಅದು. ಹೆಸರಿನ ಆಸೆಗೆ ಜನ ಪ್ರಚಾರವನ್ನೂ ಕೇಳಲಿ ಅಂತ. ಅಮೆರಿಕದ ಶಾರ್ಟ್‌ವೇವ್ ಕೇಳುಗರು ಏನು ಮಾಡಿದ್ರು ಗೊತ್ತಾ? ರಾತ್ರಿ ಪೆನ್ಸಿಲ್ ಹಿಡಿದು ಕೂತು, ಹುಳು ಮಾತ್ರ ಬಿಡಿಸ್ಕೊಂಡ್ರು. ವಿಳಾಸ ಬರ್ಕೊಂಡು, ಸ್ವಂತ ಖರ್ಚಲ್ಲಿ, ಮುಖಪರಿಚಯವೂ ಇಲ್ಲದ ಮನೆಗೆ ಕಾರ್ಡ್ ಹಾಕಿದ್ರು: ನಿಮ್ಮ ಮಗನ ಹೆಸರು ರೇಡಿಯೋದಲ್ಲಿ ಬಂತು. ಸರ್ಕಾರದ ಟೆಲಿಗ್ರಾಂ ಬಂದರೆ ಅದರಲ್ಲಿ ಮೊದಲೇ ಎಚ್ಚರಿಕೆ, ಇದು ಶತ್ರುವಿನ ಪ್ರಚಾರ ಪ್ರಸಾರದಿಂದ ಸಿಕ್ಕಿದ್ದು ಅಂತ. ಕಾರ್ಡ್ ಬರೆದವರಿಗೆ ಆ ಬಿಗುಮಾನ ಇರಲಿಲ್ಲ. ಒಂದೇ ಮನೆ ಬಾಗಿಲಿಗೆ ಬೇರೆ ಬೇರೆ ಊರಿಂದ ಹತ್ತಾರು ಕಾರ್ಡ್ ಬಂದಿದ್ದೂ ಉಂಟು.

ಈ ಸದ್ದಲ್ಲೇ ಕೂತು ನಾನೂ ಒಂದು ಸಲ ಪ್ರಯತ್ನ ಪಟ್ಟೆ. ಹತ್ತು ನಿಮಿಷ, ಪೆನ್ಸಿಲ್, ಹಾಳೆ. ದನಿ ಏರುತ್ತೆ, ಮುಳುಗುತ್ತೆ, ಸರಿಯಾಗಿ ಹೆಸರು ಬರೋ ಹೊತ್ತಿಗೇ ಮುಳುಗುತ್ತೆ. ನನ್ನ ಹಾಳೆ ಇಲ್ಲಿದೆ, ನೋಡಿ. ಒಂದೂವರೆ ಹೆಸರು.