ಹಳೇ ವ್ಯಾಗನ್ ಆರ್ ತಗೊಂಡ್ವಿ: ಪೀಣ್ಯದಿಂದ ಆಗುಂಬೆ ಘಾಟಿವರೆಗೆ

ಮೊದಲು ಈ ಶಬ್ದ ಕೇಳಿ. ರಾತ್ರಿಯೆಲ್ಲ ನಿಂತಿದ್ದ ಗಾಡಿ, ಬೆಳಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದ್ದು. ಸೀಟಿನಲ್ಲಿ ಕೂತರೆ ಸಣ್ಣಗೆ ಅದುರುವುದು ಗೊತ್ತಾಗುತ್ತದೆ. ಹಾಳಾಗಿದೆ ಅಂತಲ್ಲ. ಮೂರೇ ಸಿಲಿಂಡರಿನ 998 ಸಿಸಿ ಇಂಜಿನ್, ಅದರ ಗುಣವೇ ಹಾಗೆ. ಸ್ವಲ್ಪ ಹೊತ್ತಿಗೆ ಹದಕ್ಕೆ ಬರುತ್ತದೆ.

ಇದು 2014ರ ಮಾರುತಿ ವ್ಯಾಗನ್ ಆರ್. ಪೆಟ್ರೋಲ್, ಐದು ಗೇರ್, ಮೈಸೂರಿನಲ್ಲಿ ಒಬ್ಬರೇ ಓನರ್ ಕೈಯಲ್ಲಿ ಓಡಿದ್ದು. ಈಗ ನಮ್ಮದು.

ಬೆಂಗಳೂರಲ್ಲಿದ್ದುಕೊಂಡು ಗೇರ್ ಗಾಡಿ ಯಾಕೆ ಅಂತ ಮನೆಯವರು, ಆಫೀಸಿನವರು, ಎಲ್ಲರೂ ಕೇಳಿದರು. ಕಾರಣ ಎರಡು. ಒಂದು ದುಡ್ಡು. ನಮ್ಮ ಲೆಕ್ಕ ಮೂರು ಲಕ್ಷದ ಒಳಗೆ. ಆ ಬೆಲೆಗೆ ಸಿಗುವ ಆಟೋಮ್ಯಾಟಿಕ್ ಗಾಡಿಗಳಲ್ಲಿ ಜಾಸ್ತಿ ಇರುವುದು ಮೊದಮೊದಲ ಎಎಂಟಿಗಳು, ಅಂದರೆ ಮಾಮೂಲಿ ಗೇರೇ ತಾನಾಗಿ ಬದಲಾಗುವ ಗಾಡಿಗಳು. ಮಾರುತಿಯವರು ಎಎಂಟಿ ತಂದಿದ್ದೇ 2014ರಲ್ಲಿ, ಸೆಲೆರಿಯೊ ಕಾರಿನ ಜೊತೆಗೆ. ಎಎಂಟಿಯಲ್ಲೂ ಒಳಗಿರುವುದು ಇದೇ ಕ್ಲಚ್ (ಇಂಜಿನ್ನನ್ನು ಗೇರಿಗೆ ಸೇರಿಸುವ, ಬಿಡಿಸುವ ಭಾಗ), ಇದೇ ಗೇರ್‌ಬಾಕ್ಸ್. ಒತ್ತುವುದು ಮಾತ್ರ ನಮ್ಮ ಕಾಲಲ್ಲ, ಒಂದು ಯಂತ್ರ. ಹಳೇ ಗಾಡಿಯಲ್ಲಿ ಆ ಯಂತ್ರ ಕೈಕೊಟ್ಟರೆ ಖರ್ಚು ದೊಡ್ಡದು, ಊರ ಕಡೆಯ ಗ್ಯಾರೇಜಿನಲ್ಲಿ ರಿಪೇರಿ ಆಗುತ್ತದೆ ಅನ್ನುವ ಭರವಸೆಯೂ ಇಲ್ಲ. ಎರಡನೇ ಕಾರಣ ಊರು. ಅಮ್ಮ ಇರುವುದು ತೀರ್ಥಹಳ್ಳಿ ಹತ್ತಿರ, ಅಕ್ಕನ ಮನೆ ಹೆಬ್ರಿಯಲ್ಲಿ. ನಡುವೆ ಆಗುಂಬೆ ಘಾಟಿ. ಅಲ್ಲಿ ಗೇರ್ ನನ್ನ ಕೈಯಲ್ಲೇ ಇರಬೇಕು ಅಂತ ನನಗೆ ಆಸೆ.

ಈಗ ಗಾಡಿ ನೋಡಿದ್ದು ಹೇಗೆ ಅಂತ ಹೇಳುತ್ತೇನೆ.

ಹಳೇ ಗಾಡಿ ಅಂದ ಕೂಡಲೇ ಎಲ್ಲರೂ ಕೇಳುವುದು ಎಷ್ಟು ಕಿಲೋಮೀಟರ್ ಓಡಿದೆ ಅಂತ. ಆ ನಂಬರ್ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ. ಬೆಂಗಳೂರಿನ ಒಂದು ಕಡೆ ಕಾರು ತೋರಿಸಿದರು. ಮೀಟರಿನಲ್ಲಿ ಮೂವತ್ತು ಚಿಲ್ಲರೆ ಸಾವಿರ. ಆದರೆ ಕ್ಲಚ್ ಪೆಡಲಿನ ರಬ್ಬರ್ ಪೂರ್ತಿ ನುಣ್ಣಗಾಗಿದೆ, ಸ್ಟೀರಿಂಗ್ ಮೇಲ್ಭಾಗ ಕೈ ಉಜ್ಜಿ ಉಜ್ಜಿ ಹೊಳೆಯುತ್ತಿದೆ, ಡ್ರೈವರ್ ಸೀಟಿನ ಬಲಬದಿ ಕುಸಿದಿದೆ. ಅಷ್ಟು ಕಡಿಮೆ ಓಡಿದ ಗಾಡಿಗೆ ಇಷ್ಟು ಸವೆತ ಹೇಗೆ ಬಂತು? ಕೇಳಿದ್ದಕ್ಕೆ ಸರಿಯಾದ ಉತ್ತರ ಬರಲಿಲ್ಲ. ಅಲ್ಲಿಂದ ಬಂದುಬಿಟ್ಟೆವು.

ಅದಕ್ಕೇ ನಾನು ಹೇಳುವುದು, ಗೇರ್ ಗಾಡಿ ತಗೊಳ್ಳುವವರು ಮೀಟರಿಗಿಂತ ಕ್ಲಚ್ ಹೇಳುವ ಮಾತನ್ನು ನಂಬಿ. ಗಾಡಿಯನ್ನು ಇಷ್ಟು ವರ್ಷ ಎಂಥ ಕಾಲು ಓಡಿಸಿದೆ ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ಸಮ ನೆಲದಲ್ಲಿ, ಎದುರಿಗೆ ಯಾರೂ ಇಲ್ಲದ ಕಡೆ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಗಟ್ಟಿಯಾಗಿ ಎಳೆದು, ಬ್ರೇಕ್ ಪೆಡಲ್ ಮೇಲೂ ಬಲಗಾಲು ಇಟ್ಟು, ಮೂರನೇ ಗೇರ್ ಹಾಕಿ ಕ್ಲಚ್ ನಿಧಾನಕ್ಕೆ ಬಿಡಿ. ಕ್ಲಚ್ ಚೆನ್ನಾಗಿದ್ದರೆ ಇಂಜಿನ್ ಅಲ್ಲೇ ಆಫ್ ಆಗಬೇಕು. ಆಫ್ ಆಗದೆ ಸುಮ್ನೆ ತಿರುಗುತ್ತಲೇ ಇದ್ದರೆ ಕ್ಲಚ್ ಪ್ಲೇಟ್ ಜಾರುತ್ತಿದೆ ಅಂತ ಅರ್ಥ. ಹಿಟ್ಟಿನ ಗಿರಣಿಯಲ್ಲಿ ಬೆಲ್ಟ್ ಸಡಿಲ ಆದರೆ ಮೋಟರ್ ತಿರುಗುತ್ತದೆ, ಕಲ್ಲು ತಿರುಗಲ್ಲ. ಇಲ್ಲೂ ಅದೇ ಕಥೆ. ಇದನ್ನು ಒಂದೇ ಸಲ ಮಾಡಿ ಸಾಕು, ಪದೇಪದೇ ಮಾಡಿದರೆ ಚೆನ್ನಾಗಿರುವ ಪ್ಲೇಟೂ ಸವೆಯುತ್ತದೆ.

ಇನ್ನೊಂದು, ಬರುವ ಮೊದಲು ಗಾಡಿ ಸ್ಟಾರ್ಟ್ ಮಾಡಬೇಡಿ ಅಂತ ಮಾರುವವರಿಗೆ ಫೋನಿನಲ್ಲೇ ಹೇಳಿಬಿಡಿ. ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿ, ತಣ್ಣಗಿರಬೇಕು. ಬಿಸಿ ಇಂಜಿನ್ ಎಷ್ಟೋ ತೊಂದರೆಗಳನ್ನು ಮುಚ್ಚಿಬಿಡುತ್ತದೆ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಟಕಟಕ ಶಬ್ದ ಬರುತ್ತದಾ, ಹೊಗೆ ನೀಲಿಯಾ ಅನ್ನುವುದೆಲ್ಲ ಗೊತ್ತಾಗುತ್ತದೆ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಅಂತ.

ಈ ಶಾಟ್ ನೋಡಿ, ಸೀಟ್ ಬೆಲ್ಟನ್ನು ಪೂರ್ತಿ ಎಳೆದು ತೋರಿಸುತ್ತಿದ್ದೇನೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವ ಭಾಗದ ಬಡಾವಣೆಗಳಿಗೆ ನೀರು ನುಗ್ಗಿದ್ದು ನೆನಪಿದೆ ಅಲ್ವಾ? ಎಷ್ಟೋ ಕಾರುಗಳು ಮುಳುಗಿದವು. ಮುಳುಗಿದ ಗಾಡಿಯನ್ನು ತೊಳೆದು ಸೀಟ್ ಕವರ್ ಬದಲಾಯಿಸಬಹುದು. ಆದರೆ ಬೆಲ್ಟಿನ ತುದಿಯಲ್ಲಿ, ಸುರುಳಿಯ ಒಳಗಿರುವ ಭಾಗದಲ್ಲಿ ಕೆಸರಿನ ಗೆರೆ ಉಳಿದುಬಿಡುತ್ತದೆ. ಸ್ಟೆಪ್ನಿ ಎತ್ತಿ ಕೆಳಗಿನ ತಗ್ಗನ್ನೂ ನೋಡಿ. ಆಮೇಲೆ ಗಾಜು. ಪ್ರತಿ ಗಾಜಿನ ಮೂಲೆಯಲ್ಲಿ ಕಂಪನಿ ಗುರುತು, ತಯಾರಾದ ವರ್ಷದ ಸುಳಿವು ಇರುತ್ತದೆ. ಒಂದು ಗಾಜು ಮಾತ್ರ ಬೇರೆಯಾಗಿದ್ದರೆ ಆ ಕಡೆ ಏಟು ಬಿದ್ದಿತ್ತಾ ಅಂತ ಕೇಳಿ. ನಮ್ಮ ಗಾಡಿಯಲ್ಲಿ ಹಿಂದಿನ ಎಡಬಾಗಿಲ ಗಾಜು ಬೇರೆ. ಓನರ್ ತಾವಾಗಿಯೇ ಹೇಳಿದರು, ಕ್ರಿಕೆಟ್ ಚೆಂಡು ಬಿದ್ದು ಒಡೆದಿತ್ತಂತೆ, ಬಿಲ್ಲೂ ಇಟ್ಟಿದ್ದರು. ಬಿಲ್ ಜೋಪಾನವಾಗಿ ಇಟ್ಟುಕೊಳ್ಳುವವರ ಗಾಡಿ ಅಂದರೆ ನನಗೆ ಅರ್ಧ ಧೈರ್ಯ ಬಂದ ಹಾಗೆ.

ಪೇಪರ್ ವಿಷಯ ಬೇಗ ಮುಗಿಸುತ್ತೇನೆ. ಗಾಡಿ ನಿಮ್ಮ ಹೆಸರಿಗೆ ಆಗುವುದಕ್ಕೆ ಫಾರಂ 29, ಫಾರಂ 30, ಎರಡಕ್ಕೂ ಮಾರುವವರ ಸಹಿ ಬೇಕು. ಗಾಡಿ ಮೇಲೆ ಸಾಲ ಇದ್ದಿದ್ದರೆ ಬ್ಯಾಂಕಿನ ಎನ್‌ಒಸಿ (ತಕರಾರಿಲ್ಲ ಅನ್ನುವ ಪತ್ರ) ಮತ್ತು ಸಾಲದ ನಮೂದು ತೆಗೆಸುವ ಫಾರಂ 35. ಸಾಲ ತೀರಿದೆ ಅಂತ ಬಾಯಲ್ಲಿ ಹೇಳಿದರೆ ಸಾಲದು, ಆರ್‌ಸಿಯಿಂದ ಬ್ಯಾಂಕಿನ ಹೆಸರು ಹೋಗಿರಬೇಕು. ಹಳೇ ಟ್ರಾಫಿಕ್ ದಂಡ ಇದೆಯಾ ಅಂತ ನಂಬರ್ ಹಾಕಿ ನೋಡಿ, ಬಾಕಿ ಇದ್ದರೆ ದುಡ್ಡು ಕೊಡುವ ಮೊದಲೇ ಅವರಿಂದಲೇ ಕಟ್ಟಿಸಿ. 2019ರ ಏಪ್ರಿಲ್‌ಗಿಂತ ಹಿಂದಿನ ಗಾಡಿಯಾದರೆ ಹೊಸ ಹೈ ಸೆಕ್ಯೂರಿಟಿ ನಂಬರ್ ಪ್ಲೇಟ್ ಹಾಕಿಸಿದ್ದಾರಾ ನೋಡಿ. ಇನ್ಶೂರೆನ್ಸನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಅದರಲ್ಲಿರುವ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ) ನಿಮಗೆ ಬರಲ್ಲ, ಅದು ಮಾರಿದವರದ್ದು. ನೋಂದಣಿ 15 ವರ್ಷಕ್ಕೆ, ಅಂದರೆ ನಮ್ಮ ಗಾಡಿಗೆ 2029ರವರೆಗೆ. ಆಮೇಲೆ ತಪಾಸಣೆ ಮಾಡಿಸಿ ನವೀಕರಿಸಬೇಕು. ಬೆಲೆ ಮಾತಾಡುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಒಂದು ವಿಷಯ ಮಾತ್ರ ಮನೆಯಲ್ಲಿ ಕೂತು ಗಂಭೀರವಾಗಿಯೇ ಮಾತಾಡಿದೆವು. ಈ ಗಾಡಿಯಲ್ಲಿ ಏರ್‌ಬ್ಯಾಗ್ ಇಲ್ಲ, ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ನೋಡಿಕೊಳ್ಳುವ ಎಬಿಎಸ್ ಇಲ್ಲ. ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ ಆಗಿದ್ದೇ 2019ರ ಜುಲೈನಲ್ಲಿ. ಅದಕ್ಕೇ ನಮ್ಮ ಮನೆಯಲ್ಲಿ ಈಗ ಎರಡು ನಿಯಮ. ಹಿಂದೆ ಕೂತವರೂ ಬೆಲ್ಟ್ ಹಾಕಬೇಕು, ಹೈವೇಯಲ್ಲಿ ಎಂಬತ್ತು ದಾಟುವಂತಿಲ್ಲ. ಅಮ್ಮನಿಗೂ ವಿನಾಯಿತಿ ಇಲ್ಲ. ದುಡ್ಡು ಇನ್ನೊಂದಿಷ್ಟು ಹೊಂದಿಸಬಲ್ಲವರು ಹೊಸ ಮಾಡೆಲನ್ನೇ ನೋಡಿ, ಅದರಲ್ಲಿ ಎರಡು ಮಾತಿಲ್ಲ.

ಸರಿ, ಈಗ ಓಡಿಸುವುದಕ್ಕೆ ಬರೋಣ.

ಡ್ರೈವಿಂಗ್ ಸ್ಕೂಲಿನ ಕಾರಿಗೂ ಸ್ವಂತ ಕಾರಿಗೂ ಕ್ಲಚ್ ಬೇರೆಬೇರೆ. ಲೈಸೆನ್ಸ್ ಇದ್ದರೂ ಹೊಸ ಗಾಡಿಯಲ್ಲಿ ಕಾಲು ಮತ್ತೆ ಕಲಿಯಲೇಬೇಕು. ಈಗ ಕಾಣಿಸುತ್ತಿರುವುದು ಪೀಣ್ಯ ಇಂಡಸ್ಟ್ರಿಯಲ್ ಏರಿಯಾ, ಭಾನುವಾರ ಬೆಳಗ್ಗೆ. ಫ್ಯಾಕ್ಟರಿಗಳಿಗೆ ರಜೆ, ಲಾರಿ ಓಡಾಟ ಕಡಿಮೆ, ರಸ್ತೆ ಅಗಲ. ಇಲ್ಲಿ ನಾವು ಮಾಡಿದ್ದು ಒಂದೇ ಕೆಲಸ. ಆಕ್ಸಿಲರೇಟರ್ ಮುಟ್ಟದೆ, ಫಸ್ಟ್ ಗೇರ್ ಹಾಕಿ, ಕ್ಲಚ್ ಒಂದನ್ನೇ ಕೂದಲೆಳೆಯಷ್ಟು ಬಿಡುತ್ತಾ ಬಿಡುತ್ತಾ ಗಾಡಿ ತಾನಾಗಿ ಮುಂದೆ ಹೊರಡುವ ಜಾಗ ಹುಡುಕುವುದು. ಆ ಜಾಗಕ್ಕೆ ಬಂದಾಗ ಇಂಜಿನ್ ಶಬ್ದ ಸ್ವಲ್ಪ ದಪ್ಪ ಆಗುತ್ತದೆ, ಮುಂದಿನ ಭಾಗ ಒಂಚೂರು ಎದ್ದ ಹಾಗೆ ಅನಿಸುತ್ತದೆ. ಅಲ್ಲಿ ಕಾಲು ತಡೆದು ಹಿಡಿಯಬೇಕು. ಇದೇ ಹಾಫ್ ಕ್ಲಚ್. ಇದು ಕಾಲಿಗೆ ಕೂತುಬಿಟ್ಟರೆ ಉಳಿದದ್ದೆಲ್ಲ ಸುಲಭ.

ಹಾಗಂತ ಹಾಫ್ ಕ್ಲಚ್‌ನಲ್ಲೇ ಓಡಿಸಬಾರದು. ಸಿಲ್ಕ್ ಬೋರ್ಡ್ ಹತ್ತಿರವೋ ಹೆಬ್ಬಾಳದಲ್ಲೋ ಇಂಚಿಂಚು ಸರಿಯುವಾಗ ಕಾಲು ಅಲ್ಲೇ ಇಟ್ಟುಕೊಂಡಿರುವವರು ತುಂಬ ಜನ. ಪ್ಲೇಟ್ ಅರ್ಧ ಹಿಡಿದು ಅರ್ಧ ಜಾರುತ್ತಾ ಬಿಸಿಯಾಗುತ್ತದೆ, ಆ ಸುಟ್ಟ ವಾಸನೆ ಬರುವುದೇ ಅದಕ್ಕೆ. ನಾನು ಮಾಡುವುದು ಇಷ್ಟು. ಮುಂದಿನ ಗಾಡಿ ಒಂದು ಕಾರಿನಷ್ಟು ಜಾಗ ಬಿಡುವವರೆಗೆ ಕಾಯುತ್ತೇನೆ, ಆಮೇಲೆ ಒಂದೇ ಸಲ ಹೋಗಿ ನಿಲ್ಲುತ್ತೇನೆ, ನಿಂತ ಕೂಡಲೇ ನ್ಯೂಟ್ರಲ್, ಎಡಗಾಲು ಕೆಳಗೆ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಹೊಡೆಯಲಿ. ಸಿಗ್ನಲ್‌ನಲ್ಲಿ ಗಾಡಿ ಆಫ್ ಆದರೂ ಗಾಬರಿ ಬೇಡ. ಕ್ಲಚ್ ಪೂರ್ತಿ ಒತ್ತಿ, ಕೀ ತಿರುಗಿಸಿ, ಹೊರಡಿ, ಅಷ್ಟೇ.

ಏರು ಕಲಿಯುವುದಕ್ಕೆ ಮಲ್ಲೇಶ್ವರದ ಅಡ್ಡರಸ್ತೆಗಳು ಚೆನ್ನಾಗಿವೆ. ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸಿ, ಕ್ಲಚ್ ಹಿಡಿಯುವ ಜಾಗಕ್ಕೆ ತಂದು, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು, ಗಾಡಿ ಮುಂದಕ್ಕೆ ಎಳೆಯುತ್ತಿದೆ ಅಂತ ಅನಿಸಿದ ಮೇಲೆ ಬ್ರೇಕ್ ಇಳಿಸಿ. ಒಂದಿಂಚೂ ಹಿಂದೆ ಬರಲ್ಲ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಏರಿಗೂ ಇದೇ ಉಪಾಯ.

ಗೇರ್ ಯಾವಾಗ ಬದಲಾಯಿಸಬೇಕು ಅಂತ ಶಬ್ದವೇ ಹೇಳುತ್ತದೆ. ಈ ಇಂಜಿನ್ ಪೂರ್ತಿ ಎಳೆತ ಕೊಡುವುದು ನಿಮಿಷಕ್ಕೆ 3500 ಸುತ್ತು, ಅಂದರೆ 3500 ಆರ್‌ಪಿಎಂ ಹತ್ತಿರ. ಅದಕ್ಕಿಂತ ತುಂಬ ಕೆಳಗೆ, ಮೇಲಿನ ಗೇರಿನಲ್ಲಿ, ನಾಲ್ಕು ಜನ ಕೂತು ಎಸಿ ಹಾಕಿಕೊಂಡು ಏರು ಹತ್ತಿಸಿದರೆ ಗಾಡಿ ಗುಡುಗುಡು ಅಂತ ಒದ್ದಾಡುತ್ತದೆ. ಆಗ ಆಕ್ಸಿಲರೇಟರ್ ಒತ್ತಿ ಪ್ರಯೋಜನ ಇಲ್ಲ, ಒಂದು ಗೇರ್ ಇಳಿಸಬೇಕು. ಮೈಲೇಜ್ ಬರಲಿ ಅಂತ ಬೇಗಬೇಗ ಮೇಲಿನ ಗೇರಿಗೆ ಹಾಕುವವರು ಇದನ್ನು ಗಮನಿಸಿ.

ಇದು ಆಗುಂಬೆ. ಬೆಳಗ್ಗೆ ಮಂಜಿತ್ತು, ಅದು ಕರಗಿದ ಮೇಲೆ ಹೊರಟೆವು. ಇಲ್ಲಿಂದ ಸೋಮೇಶ್ವರಕ್ಕೆ ಇಳಿಯುವಾಗ 14 ಹಿಮ್ಮುರಿ ತಿರುವುಗಳು. ಹತ್ತುವಾಗ ಯಾವ ಗೇರ್ ಬೇಕೋ ಇಳಿಯುವಾಗಲೂ ಅದೇ ಅಂತ ಹಳೇ ಡ್ರೈವರುಗಳು ಹೇಳುತ್ತಾರಲ್ಲ, ಅದು ಅಪ್ಪಟ ಸತ್ಯ. ಸೆಕೆಂಡ್ ಗೇರ್ ಹಾಕಿ ಆಕ್ಸಿಲರೇಟರ್ ಬಿಟ್ಟರೆ ಇಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಕೇಳಿ, ಈ ಗುಂಯ್ ಅನ್ನುವ ಶಬ್ದ ಅದೇ. ಬ್ರೇಕ್ ಮುಟ್ಟುವುದು ತಿರುವಿನ ಮುಂಚೆ ಮಾತ್ರ, ಒತ್ತಿ ಬಿಡುವುದು. ಕಾಲು ಬ್ರೇಕಿನ ಮೇಲೇ ಇಟ್ಟರೆ ಪ್ಯಾಡುಗಳು ಕಾದು ಹಿಡಿತ ಕಡಿಮೆ ಆಗುತ್ತದೆ.

ಪೆಟ್ರೋಲ್ ಉಳಿಯಲಿ ಅಂತ ಘಾಟಿಯಲ್ಲಿ ನ್ಯೂಟ್ರಲ್ ಹಾಕುವವರು ಇವತ್ತಿಗೂ ಇದ್ದಾರೆ. ದಯವಿಟ್ಟು ಬೇಡ. ಉಳಿಯುವುದೂ ಇಲ್ಲ. ಇಂಜೆಕ್ಷನ್ ಇಂಜಿನ್ನುಗಳು (ಪೆಟ್ರೋಲನ್ನು ಕಂಪ್ಯೂಟರ್ ಅಳೆದು ಸಿಂಪಡಿಸುವಂಥವು) ಆಕ್ಸಿಲರೇಟರ್ ಬಿಟ್ಟು ಗೇರಿನಲ್ಲಿ ಇಳಿಯುವಾಗ ಪೆಟ್ರೋಲ್ ನಿಲ್ಲಿಸಿಬಿಡುತ್ತವೆ. ನ್ಯೂಟ್ರಲ್‌ನಲ್ಲಾದರೆ ಇಂಜಿನ್ ಆಫ್ ಆಗದೆ ಇರುವುದಕ್ಕೇ ಪೆಟ್ರೋಲ್ ಬೇಕು. ಇನ್ನು ಇಂಜಿನ್ನನ್ನೇ ಆಫ್ ಮಾಡಿ ಇಳಿದರಂತೂ ಬ್ರೇಕ್ ಒತ್ತುವುದನ್ನು ಹಗುರ ಮಾಡುವ ಬೂಸ್ಟರಿಗೆ ಶಕ್ತಿ ಸಿಗಲ್ಲ, ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ, ಸ್ಟೀರಿಂಗ್ ಕೂಡ ಭಾರ. ಮೇಲೆ ಹತ್ತಿ ಬರುವ ಗಾಡಿಗೆ ಮೊದಲು ದಾರಿ ಬಿಡಿ. ಏರಿನಲ್ಲಿ ನಿಂತು ಮತ್ತೆ ಹೊರಡುವ ಕಷ್ಟ ಅವರದ್ದು.

ಅಮ್ಮ ಮುಂದಿನ ಸೀಟಿನಲ್ಲಿದ್ದರು. ಕೆಳಗೆ ಬರುವವರೆಗೂ ಮೇಲಿನ ಹಿಡಿ ಬಿಡಲಿಲ್ಲ, ಮಾತೂ ಆಡಲಿಲ್ಲ. ಸೋಮೇಶ್ವರ ಬಂದ ಮೇಲೆ "ಬಸ್ಸಿಗಿಂತ ಚೆನ್ನಾಗಿ ಇಳಿಸಿದೆ" ಅಂದರು. ಆ ಮಾತು ರೆಕಾರ್ಡ್ ಆಗಲಿಲ್ಲ, ಆದರೂ ನಿಮಗೆ ಹೇಳಬೇಕು ಅನಿಸಿತು.

ಇನ್ನು ಬಾಕಿ ಇರುವ ಕೆಲಸ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಎಥನಾಲ್ ಶೇಕಡ 20ರವರೆಗೆ ಇರುತ್ತದೆ. 2014ರ ಗಾಡಿ ಅದಕ್ಕಂತಲೇ ಮಾಡಿದ್ದಲ್ಲ, ಹಾಗಾಗಿ ರಬ್ಬರ್ ಪೈಪುಗಳನ್ನು ಸರ್ವಿಸಿನಲ್ಲಿ ನೋಡಿಸಬೇಕು. ಕ್ಲಚ್ ಕೇಬಲ್ ಒಂಚೂರು ಬಿಗಿ ಅನಿಸುತ್ತಿದೆ, ಅದನ್ನೂ ಬದಲಾಯಿಸುತ್ತೇವೆ. ಆಮೇಲೆ ಟೈರ್. ಇಲ್ಲಿ ಕಾಣಿಸುತ್ತಿದೆ ನೋಡಿ, ಬದಿಯಲ್ಲಿ 2319 ಅಂತ. ಅಂದರೆ 2019ರ 23ನೇ ವಾರ ತಯಾರಾದದ್ದು. ಟೈರಿನ ಮೇಲಿನ ಬಟನ್ ಇನ್ನೂ ಸವೆದಿಲ್ಲ, ಆದರೆ ರಬ್ಬರ್ ಗಟ್ಟಿಯಾಗಿದೆ. ಮಳೆಗಾಲ ಶುರುವಾಗುವ ಮೊದಲು ನಾಲ್ಕನ್ನೂ ಹಾಕಿಸಬೇಕು. ಮಲೆನಾಡಿನ ಮಳೆಯಲ್ಲಿ ವ್ಯಾಗನ್ ಆರ್ ಓಡಿಸಿದವರು ಇದ್ದರೆ ಹೇಳಿ, ಒದ್ದೆ ರಸ್ತೆಯಲ್ಲಿ ಯಾವ ಟೈರ್ ನಿಮಗೆ ಚೆನ್ನಾಗಿ ಹಿಡಿತ ಕೊಟ್ಟಿದೆ?