ಬಾಸಿಗೆ 27, ನನಗೆ 52

ಕೇಳುಗರಿಗೆ ನಮಸ್ಕಾರ.

ಮೂರು ವರ್ಷದ ಹಿಂದೆ ಎಚ್‌ಎಸ್‌ಆರ್ ಲೇಔಟಿನ ಒಂದು ಸ್ಟಾರ್ಟಪ್ ಸೇರಿದೆ. ನನಗಾಗ 52, ಬಾಸಿಗೆ 27. ನನ್ನ ಮಗಳಿಗಿಂತ ಎರಡೇ ವರ್ಷ ದೊಡ್ಡವನು. ಮೀಟಿಂಗು ಇಂಗ್ಲಿಷಿನಲ್ಲಿ ನಡೆದರೆ ತೊಂದರೆಯಿಲ್ಲ, ಎಲ್ಲರೂ 'ಯೂ'. ಕನ್ನಡಕ್ಕೆ ಬಂದರೆ ಇಬ್ಬರಿಗೂ ಫಜೀತಿ. ನನ್ನನ್ನು ಹೆಸರು ಹಿಡಿದು ಕರೆಯಲು ಅವನಿಗೆ ಮುಜುಗರ. ಬಾಸನ್ನು 'ನೀನು' ಅನ್ನೋದಾ 'ನೀವು' ಅನ್ನೋದಾ ಅಂತ ನನಗೆ ಗೊಂದಲ. ಹೀಗೇ ಮಾತು ಕಡಿಮೆಯಾಯಿತು.

ನಾವು ಕಿರಾಣಿ ಅಂಗಡಿಯವರಿಗೆ ಆ್ಯಪ್ ಮಾಡುತ್ತಿದ್ದೆವು. ಬೇಕಾದ ಸರಕನ್ನೆಲ್ಲ ಅವರು ಟೈಪ್ ಮಾಡಬೇಕು. ಚಿಕ್ಕಂದಿನಲ್ಲಿ ಮಾವನ ಅಂಗಡಿಯಲ್ಲಿ ಕೂತವನು ನಾನು. ಬೆಳಗಿನ ಹೊತ್ತು ಒಂದು ಕೈಯಲ್ಲಿ ತಕ್ಕಡಿ, ಇನ್ನೊಂದರಲ್ಲಿ ಚಿಲ್ಲರೆ. ಟೈಪ್ ಮಾಡಲು ಮೂರನೇ ಕೈ ಎಲ್ಲಿಂದ ತರೋದು? ಮೊದಲ ದಿನವೇ ಹೊಳೆದಿತ್ತು. ಹಳೇ ಪುರಾಣ ಅಂದುಕೊಳ್ಳುತ್ತಾರೆ ಅಂತ ಸುಮ್ನಿದ್ದೆ. ಅವನೂ ಕೇಳಲಿಲ್ಲ. ಕೇಳಿದರೆ ಬಾಸಿಗೇ ಗೊತ್ತಿಲ್ಲ ಅಂತಾಗುತ್ತೆ ಅನ್ನೋ ಭಯವಂತೆ. ಅಲ್ಲಿಗೆ ನಾಲ್ಕು ತಿಂಗಳು ನೀರಲ್ಲಿ ಹೋಮ.

ಸ್ಟಾರ್ಟಪ್ ಅಂದರೆ ಎಳೆಯರದ್ದು ಅಂತೇವೆ. 2007ರಲ್ಲಿ ಫ್ಲಿಪ್‌ಕಾರ್ಟ್ ಕಟ್ಟಿದವರು ಇಪ್ಪತ್ತೈದರ ಆಸುಪಾಸಿನ ಹುಡುಗರು, ನಿಜ. ಆದರೆ 2003ರಲ್ಲಿ ಏರ್ ಡೆಕ್ಕನ್ ಹಾರಿಸಿದಾಗ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರಿಗೆ 51. ಅಮೆರಿಕದಲ್ಲಿ ಅತಿ ವೇಗವಾಗಿ ಬೆಳೆದ ಕಂಪನಿಗಳ ಲೆಕ್ಕ ಹಾಕಿದ ಅರ್ಥಶಾಸ್ತ್ರಜ್ಞರಿಗೆ ಸಿಕ್ಕ ಸ್ಥಾಪಕರ ಸರಾಸರಿ ವಯಸ್ಸು 45.

ನನಗೆ ಜಾಸ್ತಿ ಇಷ್ಟವಾಗೋದು ಬಯೋಕಾನ್ ಅನ್ನೋ ಔಷಧ ಕಂಪನಿಯ ಕಥೆ. 1978, ಬೆಂಗಳೂರಿನ ಬಾಡಿಗೆ ಮನೆಯೊಂದರ ಗ್ಯಾರೇಜು, ಕೈಯಲ್ಲಿ 10,000 ರೂಪಾಯಿ. ಅದನ್ನು ಶುರು ಮಾಡಿದ ಕಿರಣ್ ಮಜುಂದಾರ್ ಶಾ ಅವರಿಗೆ 25 ವರ್ಷ. ಕೆಲಸಕ್ಕೆ ಬಂದ ಮೊದಲನೆಯವರು ನಿವೃತ್ತ ಗ್ಯಾರೇಜ್ ಮೆಕ್ಯಾನಿಕ್. ಅವರಿಬ್ಬರು ಒಬ್ಬರನ್ನೊಬ್ಬರು ಏನಂತ ಕರೆಯುತ್ತಿದ್ದರೋ!

ನಮ್ಮ ಗಂಟು ಬಿಚ್ಚಿದ್ದು ಒಂದು ದರ್ಶಿನಿಯ ಮುಂದೆ. ಬೈ ಟು ಕಾಫಿ ಹಿಡಿದು ನಿಂತಿದ್ದೆವು. ಎದುರಿನ ಅಂಗಡಿಯವರು ಕಿವಿಗೂ ಹೆಗಲಿಗೂ ನಡುವೆ ಫೋನ್ ಸಿಕ್ಕಿಸಿಕೊಂಡು ಹೋಲ್‌ಸೇಲಿನವರಿಗೆ ಪಟ್ಟಿ ಹೇಳುತ್ತಾ ಸಕ್ಕರೆ ತೂಗುತ್ತಿದ್ದರು.

"ಅವರು ಟೈಪ್ ಮಾಡ್ತಾರಾ?" ಅಂದೆ.

ಅವನ ಲೋಟ ಬಾಯಿಗೆ ಹೋಗುತ್ತಿದ್ದದ್ದು ಅಲ್ಲೇ ನಿಂತಿತು. "ಸರ್, ಇದನ್ನ ಮೊದಲೇ ಹೇಳಬಾರದಿತ್ತಾ?"

"ನೀನು ಕೇಳಲಿಲ್ಲವಲ್ಲಪ್ಪಾ." ಬಾಯಿತಪ್ಪಿ ಬಂದುಬಿಟ್ಟಿತು. ಅವನು ಜೋರಾಗಿ ನಕ್ಕ. ಅಂದಿನಿಂದ ಅವನು 'ನೀನು', ನಾನು 'ಸರ್'.

ಬಾಯಲ್ಲಿ ಹೇಳಿದ್ದು ಪಟ್ಟಿಯಾಗುವ ಹಾಗೆ ಮಾಡಲು ನನ್ನಿಂದ ಸಾಧ್ಯವೇ ಇರಲಿಲ್ಲ. ಅವನು ಎರಡು ವಾರದಲ್ಲಿ ಮಾಡಿದ.

ಈಗ ಸೋಮವಾರದ ಮೀಟಿಂಗಿನಲ್ಲಿ ಮೊದಲ ಮಾತು 23ರ ಹುಡುಗಿಯದ್ದು. ದೊಡ್ಡವರು ಶುರು ಮಾಡಿದರೆ ಆಕೆ ಬಾಯಿ ಬಿಡೋದಿಲ್ಲವಂತೆ. ಅದಕ್ಕೇ ನನ್ನನ್ನು ಕೊನೆಗೆ ತಳ್ಳಿದ್ದಾನೆ. ಮೊನ್ನೆ ನಾನು ಮತ್ತೆ ಮಾವನ ತಕ್ಕಡಿ ಎತ್ತಿದೆ. ಆಕೆ ತಡೆದಳು: "ಸರ್, ಈಗ ಚಿಲ್ಲರೆ ಎಲ್ಲಿದೆ? ದುಡ್ಡು ಬಂತು ಅಂತ ಡಬ್ಬಿಯೇ ಕೂಗುತ್ತೆ. ಒಂದು ಕೈ ಖಾಲಿ ಇದೆ ಅಲ್ವಾ?"

ನನಗೆ ಉತ್ತರ ಹೊಳೆಯಲಿಲ್ಲ. ನಮಸ್ಕಾರ.